ಕೀಬೋರ್ಡ್ ಮಂಚದ ಕೆಳಗೆ ಸೇರಿದ ಕಥೆ

ದಸರಾ ಮುಗಿದ ವಾರ ಗಂಡ ಹೆಂಡತಿ ಇಬ್ಬರೂ ನನ್ನ ಬಳಿ ಆಪ್ತಸಮಾಲೋಚನೆಗೆ ಬಂದರು. ಫೋನ್ ಮಾಡಿ ಸಮಯ ಕೇಳಿದ್ದು ಹೆಂಡತಿ. ಗಂಡನ ಹೆಸರು ಗಿರೀಶ್ ಅಂತಿರಲಿ. ವಯಸ್ಸು 44, ಹಾಸನ ಕಡೆಯ ಒಂದು ತಾಲ್ಲೂಕು ಊರಿನ ಸಹಕಾರ ಸಂಘದಲ್ಲಿ ಕೆಲಸ. ಹೆಂಡತಿ ಲತಾ. (ಹೆಸರು, ಊರು, ಕೆಲಸ ಎಲ್ಲ ಬದಲಿಸಿದ್ದೇನೆ. ಬರೆಯಲು ಇಬ್ಬರೂ ಒಪ್ಪಿದ್ದಾರೆ.)

"ಇವರಿಗೆ ಒಂದೂವರೆ ತಿಂಗಳಿಂದ ಸರಿಯಾಗಿ ನಿದ್ದೆ ಇಲ್ಲ ಮೇಡಂ. ಕೀಬೋರ್ಡನ್ನ ಬೆಡ್‌ಶೀಟಲ್ಲಿ ಸುತ್ತಿ ಮಂಚದ ಕೆಳಗೆ ತಳ್ಳಿಬಿಟ್ಟಿದ್ದಾರೆ. ಮಗ ಎಳೆಯೋಕೆ ಹೋದ್ರೆ ಗದರ್ತಾರೆ," ಅಂದರು ಲತಾ. ಗಿರೀಶ್ ಕಿಟಕಿ ಕಡೆ ನೋಡುತ್ತಿದ್ದರು.

ಅವರದ್ದು ಐದು ಜನರ ಆರ್ಕೆಸ್ಟ್ರಾ. ಒಬ್ಬರದ್ದು ಮೊಬೈಲ್ ಅಂಗಡಿ, ಒಬ್ಬರು ಲೈನ್‌ಮನ್, ಒಬ್ಬರು ಪಿ.ಟಿ. ಮೇಷ್ಟ್ರು. ಶನಿವಾರ ರಾತ್ರಿ ಅಂಗಡಿಯ ಮಹಡಿ ಮೇಲೆ ಪ್ರಾಕ್ಟೀಸ್. ಗಣಪತಿ ಪೆಂಡಾಲು, ರಾಜ್ಯೋತ್ಸವ, ಒಂದೆರಡು ಮದುವೆ. ಬರುವ ದುಡ್ಡು ಸೌಂಡ್ ಸಿಸ್ಟಮ್ ಬಾಡಿಗೆಗೂ ಟೆಂಪೋಗೂ ಸರಿಹೋಗುತ್ತದೆ. ಗಿರೀಶ್ ಕೀಬೋರ್ಡ್ ಶುರು ಮಾಡಿದ್ದೇ 37ನೇ ವಯಸ್ಸಿಗೆ. ಗುರು ಇಲ್ಲ, ಮೊಬೈಲಲ್ಲಿ ವಿಡಿಯೋ ನೋಡಿ ಕಲಿತದ್ದು.

ಈ ವರ್ಷದ ಗಣಪತಿ ಕಾರ್ಯಕ್ರಮದಲ್ಲಿ ಆಗಿದ್ದು ಇಷ್ಟು. ಗಿರೀಶ್ ಎಲ್ಲ ಹಾಡನ್ನೂ ಬಿಳಿ ಒಂದು ಶ್ರುತಿಯಲ್ಲೇ ಬಾರಿಸುತ್ತಾರೆ. ಅಂದರೆ ಹಾರ್ಮೋನಿಯಂನವರು ಹೇಳುವ ಮೊದಲ ಬಿಳಿ ಮನೆಯೇ (ಬೆರಳಲ್ಲಿ ಒತ್ತುವ ಕೀಲಿಗೆ ಮನೆ ಅನ್ನುತ್ತಾರೆ) ಷಡ್ಜ, 'ಸ'. ಹಾಡುವವರಿಗೆ ಶ್ರುತಿ ಮೇಲೋ ಕೆಳಗೋ ಬೇಕಾದರೆ ಟ್ರಾನ್ಸ್‌ಪೋಸ್ ಬಟನ್ ಒತ್ತುತ್ತಾರೆ. ಬೆರಳು ಇದ್ದಲ್ಲೇ ಇರುತ್ತದೆ, ನಾದ ಮಾತ್ರ ಏರಿ ಇಳಿಯುತ್ತದೆ. ಸ್ವಂತವಾಗಿ ಕಲಿತ ಎಷ್ಟೋ ಕೀಬೋರ್ಡಿನವರ ದಾರಿ ಇದೇ. ಆ ರಾತ್ರಿ ಒಂದು ಹಾಡಿಗೆ ಎರಡು ಸ್ವರಸ್ಥಾನ ಏರಿಸಿದ್ದರು. ಮುಂದಿನ ಹಾಡಿಗೆ ಸೊನ್ನೆಗೆ ತರುವುದು ಮರೆತುಹೋಯಿತು. ಬೇಸ್ ಗಿಟಾರ್ ಒಂದು ಶ್ರುತಿ, ಇವರು ಇನ್ನೊಂದು ಶ್ರುತಿ. ಹಾಡುವವನು ತಿರುಗಿ ನೋಡಿದ. ಹಿಂದಿನ ಸಾಲಿಂದ ಶಿಳ್ಳೆ ಬಿತ್ತು. ಯಾರೋ ವಿಡಿಯೋ ಮಾಡಿ ಊರಿನ ವಾಟ್ಸಾಪ್ ಗುಂಪಿಗೆ ಹಾಕಿದರು, ಕೆಳಗೆ ನಗುವ ಎಮೋಜಿಗಳ ಸಾಲು.

"ಆಫೀಸಲ್ಲಿ ಒಬ್ಬ ಕೇಳ್ದ ಮೇಡಂ, 'ಸಾರ್, ಯಾವ ರಾಗ ಅದು?' ಅಂತ." ಗಿರೀಶ್ ಮೊದಲ ಸಲ ಬಾಯಿ ಬಿಟ್ಟಿದ್ದು ಇಲ್ಲಿ.

ನಿದ್ದೆ, ಊಟ, ಕೆಲಸದ ಬಗ್ಗೆ ಕೇಳಿದೆ. ಸಾಯಬೇಕು ಅನ್ನಿಸಿದೆಯಾ ಅಂತಲೂ ನೇರವಾಗಿ ಕೇಳಿದೆ. ಸಂಗೀತದ ವಿಷಯಕ್ಕೆ ಬಂದವರನ್ನೂ ಇದನ್ನು ಕೇಳದೆ ಕಳಿಸುವುದಿಲ್ಲ, ಅವಮಾನ ಎಲ್ಲಿಗೆ ಕರೆದುಕೊಂಡು ಹೋಗುತ್ತದೋ ಹೇಳಲಾಗದು. ಅಂಥ ಯೋಚನೆ ಬಂದಿಲ್ಲ ಅಂದರು. ಆದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರ್ ಬರೆದುಕೊಟ್ಟೆ. ಹಗಲು ರಾತ್ರಿ ಉಚಿತವಾಗಿ ಸಿಗುತ್ತದೆ, ಕನ್ನಡದಲ್ಲೂ ಮಾತಾಡುತ್ತಾರೆ.

ಹೊರಡುವಾಗ ಅವರ ಜೇಬಿಂದ ಒಂದು ಮಾತ್ರೆ ಸ್ಟ್ರಿಪ್ ಹೊರಬಂತು. ಗೆಳೆಯರೊಬ್ಬರು ಕೊಟ್ಟಿದ್ದಂತೆ, "ಸ್ಟೇಜ್ ಹತ್ತೋ ಮುಂಚೆ ಒಂದು ನುಂಗು" ಅಂತ. ಪ್ರೊಪ್ರನಾಲಾಲ್. ಎದೆಬಡಿತ, ಕೈನಡುಕ ತಗ್ಗಿಸುತ್ತದೆ ನಿಜ, ಬಾರಿಸುವವರ ನಡುವೆ ಇದು ಓಡಾಡುವುದೂ ನಿಜ. ಆದರೆ ಗಿರೀಶ್‌ಗೆ ಚಳಿಗಾಲದಲ್ಲಿ ಉಬ್ಬಸ, ಇನ್‌ಹೇಲರ್ ಇದೆ. ಉಬ್ಬಸ ಇರುವವರಿಗೆ ಈ ಮಾತ್ರೆ ಶ್ವಾಸನಾಳ ಬಿಗಿದು ಅಪಾಯ ಮಾಡಬಹುದು. ನಾನು ಡಾಕ್ಟರ್ ಅಲ್ಲ. ಡಾಕ್ಟರಿಗೆ ತೋರಿಸದೆ ಒಂದನ್ನೂ ನುಂಗಬೇಡಿ ಅಂತ ಗಟ್ಟಿಯಾಗಿಯೇ ಹೇಳಿದೆ. ಒಂದು ಪೆಗ್ ಹಾಕಿ ಸ್ಟೇಜ್ ಹತ್ತುವ ಅಭ್ಯಾಸದ ಬಗ್ಗೆಯೂ ಅಷ್ಟೇ ಗಟ್ಟಿಯಾಗಿ. ಕೈ ಸಡಿಲವಾದ ಹಾಗೆ ಅನ್ನಿಸುತ್ತದೆ, ತಾಳ ಮೊದಲು ಹೋಗುತ್ತದೆ.

ಮೊದಲ ಭೇಟಿಯಲ್ಲಿ ನಾನು ಮಾಡಿದ್ದು ಪುಸ್ತಕದ ಕೆಲಸ. ಹೆದರಿದಾಗ ಮೈಯಲ್ಲಿ ಅಡ್ರಿನಲಿನ್ ಹರಿಯುತ್ತದೆ, ರಕ್ತ ದೊಡ್ಡ ಸ್ನಾಯುಗಳ ಕಡೆ ಸರಿಯುತ್ತದೆ, ಬೆರಳು ತಣ್ಣಗಾಗಿ ಸಣ್ಣಗೆ ನಡುಗುತ್ತದೆ. ನಾಯಿ ಅಟ್ಟಿಸಿಕೊಂಡು ಬಂದರೆ ಇದು ಒಳ್ಳೆಯದು. ಕೀಬೋರ್ಡ್ ಮುಂದೆ ಕೂತಾಗ ಕೆಟ್ಟದ್ದು. ಹಾಡುವವರಿಗೆ ಗಂಟಲು ಒಣಗುತ್ತದೆ, ಕೊಳಲಿನವರಿಗೆ ತುಟಿ ನಡುಗುತ್ತದೆ, ಪಿಟೀಲಿನವರಿಗೆ ಕಮಾನು ಅದುರುತ್ತದೆ. ಇದನ್ನೆಲ್ಲ ವಿವರಿಸಿ, ಉಸಿರು ತಗೊಳ್ಳುವುದಕ್ಕಿಂತ ಬಿಡುವುದನ್ನು ನಿಧಾನ ಮಾಡುವ ಅಭ್ಯಾಸ ಕೊಟ್ಟು ಕಳಿಸಿದೆ.

ಮುಂದಿನ ವಾರ ಬಂದರು. ಉಸಿರಾಟವನ್ನು ಟೈಮರ್ ಇಟ್ಟುಕೊಂಡು ಶ್ರದ್ಧೆಯಿಂದ ಮಾಡಿದ್ದರು. ಬೆಡ್‌ಶೀಟ್ ಬಿಚ್ಚಿರಲಿಲ್ಲ. ನಾನು ಎಡವಿದ್ದೆ. ಅವರಿಗಿದ್ದದ್ದು ಭಯಕ್ಕಿಂತ ನಾಚಿಕೆ. ನಾಚಿಕೆಗೆ ಉಸಿರಾಟ ಏನು ಮಾಡೀತು?

"ಎಷ್ಟು ಹೊತ್ತು ತಪ್ಪು ಬಾರಿಸಿದಿರಿ?" ಕೇಳಿದೆ.

"ಎರಡು ನಿಮಿಷ ಇರಬಹುದು. ಇಡೀ ಹಾಡೇ ಹಾಳಾಯ್ತು."

ವಿಡಿಯೋ ಪೂರ್ತಿ ನೋಡಿದ್ದೀರಾ ಅಂದರೆ, ಶುರುವಲ್ಲೇ ನಿಲ್ಲಿಸಿಬಿಟ್ಟೆ ಅಂದರು. ಲತಾ ಅವರ ಫೋನಲ್ಲಿ ಅದು ಇತ್ತು. ನನ್ನ ಮೇಜಿನ ಮೇಲೆ ಇಟ್ಟು, ಗಡಿಯಾರ ಹಿಡಿದು ನೋಡಿದೆವು. ತಪ್ಪು ಶ್ರುತಿ ಇದ್ದದ್ದು 14 ಸೆಕೆಂಡ್. ಹನ್ನೊಂದನೇ ಸೆಕೆಂಡಿಗೆ ಬೇಸ್ ಗಿಟಾರಿನವರು ಇವರ ಕಡೆ ಬಾಗಿ ಏನೋ ಹೇಳುತ್ತಾರೆ, ಕೈ ಬಟನ್ ಕಡೆ ಹೋಗುತ್ತದೆ, ಹಾಡು ಸರಿಹೋಗುತ್ತದೆ. ಆಮೇಲೆ ಮೂರು ನಿಮಿಷಕ್ಕೂ ಜಾಸ್ತಿ ಎಲ್ಲ ನೆಟ್ಟಗೇ ಇದೆ. ಮುಂದಿನ ಸಾಲಿನಲ್ಲಿ ಒಂದು ಹುಡುಗಿ ಮೊದಲಿಂದ ಕೊನೆವರೆಗೂ ಕುಣಿಯುತ್ತಲೇ ಇದ್ದಾಳೆ.

ಇದನ್ನು ನೋಡಿ ಅವರ ಮುಖ ಅರಳುತ್ತದೆ ಅಂದುಕೊಂಡಿದ್ದೆ. ಅವರು ಅಂದರು, "ಹದಿನಾಲ್ಕು ಸೆಕೆಂಡ್ ಕಮ್ಮಿಯೇನಲ್ಲ ಮೇಡಂ. ಕಿವಿ ಇರೋರಿಗೆಲ್ಲ ಕೇಳ್ಸಿದೆ." ನಿಜ. ಬಾರಿಸುವವನಿಗೆ ಅದು ತುಂಬ ಉದ್ದದ ಹೊತ್ತು. ಒಪ್ಪಿಕೊಂಡೆ. ನಾನು ಒಪ್ಪಿಕೊಂಡಿದ್ದೇ ಒಳ್ಳೆಯದಾಯಿತು ಅಂತ ಕಾಣುತ್ತದೆ, ಆಮೇಲೆ ಮಾತು ಬೇರೆ ಕಡೆ ಹರಿಯಿತು.

ಅವರ ತಂದೆ ಹಾರ್ಮೋನಿಯಂ ಮೇಷ್ಟ್ರು. ಹಳೇ ಮೈಸೂರು ಕಡೆ ಹಳ್ಳಿ ಹಳ್ಳಿಯಲ್ಲಿ ಪೌರಾಣಿಕ ನಾಟಕ ಕಲಿಸುವವರಿರುತ್ತಾರಲ್ಲ, ಅಂಥವರು. ಒಬ್ಬ ಪಾತ್ರಧಾರಿಯ ಗಂಟಲು ಒಂದು ಮನೆಗೆ ಕೂತರೆ ಇನ್ನೊಬ್ಬನದ್ದು ಇನ್ನೊಂದಕ್ಕೆ. ಮೇಷ್ಟ್ರು ಯಾರು ಬಾಯಿ ತೆರೆದರೂ ಆ ಮನೆಯಿಂದಲೇ ಎತ್ತಿಕೊಡಬೇಕು. ತಂದೆ ಎತ್ತಿಕೊಡುತ್ತಿದ್ದರು. ಬಟನ್ ಗಿಟನ್ ಏನಿಲ್ಲ. ಮಗ ಕೀಬೋರ್ಡ್ ತಂದ ದಿನ ಒಂದು ಮಾತು ಅಂದಿದ್ದರಂತೆ: "ಗುಂಡಿ ಒತ್ತಿ ಶ್ರುತಿ ತರೋದೂ ಒಂದು ಬಾರ್ಸೋದಾ?" ಅವರು ತೀರಿಕೊಂಡು ನಾಲ್ಕು ವರ್ಷ. ಪೆಂಡಾಲಿನ ಶಿಳ್ಳೆಯಲ್ಲಿ ಗಿರೀಶ್‌ಗೆ ಕೇಳಿಸಿದ್ದು ಅಪ್ಪನ ಆ ಮಾತು.

ಇಲ್ಲಿ ನನಗೆ ಸಮಾಧಾನ ಹೇಳುವ ಚಟ ಹತ್ತಿಕೊಂಡಿತು. ಹಾರ್ಮೋನಿಯಂನಲ್ಲೂ ಸ್ಕೇಲ್ ಚೇಂಜರ್ ಬರುತ್ತದೆ, ಮನೆಗಳ ಸಾಲನ್ನೇ ಸರಿಸಿದರೆ ಶ್ರುತಿ ಬದಲಾಗುತ್ತದೆ, ಟ್ರಾನ್ಸ್‌ಪೋಸ್ ಅಂದರೂ ಅದೇ ಅಲ್ವಾ ಅಂದೆ. ನಿಮ್ಮ ತಂದೆಯದ್ದೂ ಅಂಥದ್ದೇ ಇರಬಹುದು ಅಂತಲೂ ಸೇರಿಸಿದೆ. ಅವರು ಮನೆಗೆ ಹೋಗಿ ಅಟ್ಟದಿಂದ ಪೆಟ್ಟಿಗೆ ಇಳಿಸಿ ನೋಡಿದ್ದಾರೆ. ಮುಂದಿನ ಭೇಟಿಗೆ ಬಂದವರೇ, "ಇಲ್ಲ ಮೇಡಂ, ಸಾದಾ ಹಾರ್ಮೋನಿಯಂ," ಅಂದರು. ಇಬ್ಬರೂ ನಕ್ಕೆವು. ಆದರೆ ಪೆಟ್ಟಿಗೆ ಅಟ್ಟದಿಂದ ಕೆಳಗೆ ಬಂದಿತ್ತು.

ಆಮೇಲೆ ನಾನು ಹೇಳಿದ್ದು ಇದು. ಅಪ್ಪನಿಗೆ ಬರುತ್ತಿದ್ದದ್ದು ನಿಮಗೆ ಬರುವುದಿಲ್ಲ. ಅದನ್ನು ಮುಚ್ಚಿಡಲು ನಿಮಗೆ ಜಾಸ್ತಿ ಶಕ್ತಿ ಖರ್ಚಾಗುತ್ತಿದೆ, ಬಾರಿಸಲು ಉಳಿಯುವುದು ಕಮ್ಮಿ. ಕಲಿಯಬೇಕು ಅನ್ನಿಸಿದರೆ ಒಂದೇ ಒಂದು ಹಾಡನ್ನು ಬಿಳಿ ಎರಡರಿಂದ ಬಟನ್ ಮುಟ್ಟದೆ ಕಲಿಯಿರಿ. ಬೇಡ ಅನ್ನಿಸಿದರೆ ಬಟನ್ ಇಟ್ಟುಕೊಂಡೇ ಬಾರಿಸಿ, ಆದರೆ ಗೆಳೆಯರಿಗೆ ಹೇಳಿ. ಅವರಿಗೆ ಇದು ಗೊತ್ತಿರಲಿಲ್ಲವಂತೆ! ಏಳು ವರ್ಷ ಜೊತೆಗೆ ಬಾರಿಸಿದವರಿಗೆ.

ಪ್ರಾಕ್ಟೀಸಿನ ರೀತಿಯನ್ನೂ ಕೇಳಿದೆ. ರಜೆ ದಿನ ಮೂರು ಗಂಟೆ ಒಟ್ಟಿಗೆ, ಒಬ್ಬರೇ, ಬಾಗಿಲು ಹಾಕಿಕೊಂಡು. ತಪ್ಪಿದರೆ ನಿಲ್ಲಿಸಿ ಮೊದಲಿಂದ. ಹವ್ಯಾಸಕ್ಕೆ ಕಲಿಯುವ ಬಹಳ ಜನ ಹೀಗೇ ಮಾಡುತ್ತಾರೆ. ಇದರಿಂದ ಕೈ ಕಲಿಯುವುದು ಏನು ಗೊತ್ತಾ? ತಪ್ಪಿದ ಕೂಡಲೇ ನಿಲ್ಲುವುದು. ಸ್ಟೇಜಲ್ಲಿ ಅದೇ ಆಗುತ್ತದೆ. ವಾರಕ್ಕೆ ಒಂದೆರಡು ಸಲವಾದರೂ ಹಾಡನ್ನು ಶುರು ಮಾಡಿ ಏನೇ ಆದರೂ ಕೊನೆವರೆಗೂ ಹೋಗಿ, ಬೇಕಂತಲೇ ಮಧ್ಯ ಒಂದು ತಪ್ಪು ಸ್ವರ ಬಾರಿಸಿ ತಾಳ ಬಿಡದೆ ವಾಪಸ್ ಸೇರಿಕೊಳ್ಳಿ ಅಂದೆ. ದಿನಾ ಇಪ್ಪತ್ತು ಮೂವತ್ತು ನಿಮಿಷ ಸಾಕು. ಭಾನುವಾರದ ಮೂರು ಗಂಟೆಗಿಂತ ಬೆರಳಿಗೆ ಅದೇ ಚೆನ್ನಾಗಿ ಹತ್ತುತ್ತದೆ. ಮಣಿಕಟ್ಟು ನೋಯಲು ಶುರುವಾದರೆ ಅಲ್ಲಿಗೆ ನಿಲ್ಲಿಸಬೇಕು, ನೋವನ್ನು ಸಹಿಸಿಕೊಂಡು ಬಾರಿಸುವುದು ಶೌರ್ಯ ಅಲ್ಲ.

ಮೆಟ್ಟಿಲು ಮೆಟ್ಟಿಲಾಗಿ ಹತ್ತಲು ಹೇಳಿದೆ. ಮೊದಲು ಮಗನ ಮುಂದೆ ಒಂದು ಹಾಡು. ಆಮೇಲೆ ಮಹಡಿ ಕೋಣೆಯಲ್ಲಿ ಗೆಳೆಯರ ಜೊತೆ. ಆಮೇಲೆ ಯಾರದ್ದಾದರೂ ಮನೆಯಲ್ಲಿ ಹತ್ತು ಹದಿನೈದು ಜನರ ಮುಂದೆ. ನವೆಂಬರ್ 1ರ ಕಾರ್ಯಕ್ರಮ ಬಿಟ್ಟುಬಿಡಿ, ನಮ್ಮಲ್ಲಿ ರಾಜ್ಯೋತ್ಸವ ತಿಂಗಳು ಪೂರ್ತಿ ನಡೆಯುತ್ತದಲ್ಲ ಅಂದೆ. ಮನೆಯಲ್ಲಿ ಒಬ್ಬರೇ ಎಷ್ಟು ಪ್ರಾಕ್ಟೀಸ್ ಮಾಡಿದರೂ ಜನರ ಭಯ ಹೋಗುವುದಿಲ್ಲ. ಜನರ ಮುಂದೆ ಕೂತೇ ಹೋಗಬೇಕು.

ಕಷ್ಟವಾಗಿದ್ದು ಎರಡನೇ ಮೆಟ್ಟಿಲು. ಒಂದೂವರೆ ತಿಂಗಳು ಆ ನಾಲ್ವರಲ್ಲಿ ಒಬ್ಬರೂ ಫೋನ್ ಮಾಡಿರಲಿಲ್ಲ. ಗಿರೀಶ್ ಲೆಕ್ಕದಲ್ಲಿ ಅವರು ಬೇರೆ ಕೀಬೋರ್ಡಿನವನನ್ನು ಹುಡುಕುತ್ತಿದ್ದಾರೆ. ಲತಾ ಲೈನ್‌ಮನ್ ಹೆಂಡತಿಯನ್ನು ತರಕಾರಿ ಅಂಗಡಿ ಮುಂದೆ ಕಂಡು ಕೇಳಿದರೆ, "ಅಯ್ಯೋ, ಗಿರೀಶಣ್ಣಂಗೆ ಬೇಜಾರಾಗಿದೆ, ಸುಮ್ನೆ ಕೆಣಕೋದು ಬೇಡ ಅಂತ ಇವರೆಲ್ಲ ಬಾಯಿ ಮುಚ್ಕೊಂಡಿದ್ದಾರೆ ಕಣ್ರೀ" ಅಂದರಂತೆ. ಗಂಡಸರ ಗೆಳೆತನದಲ್ಲಿ ಇದು ನಾನು ಪದೇ ಪದೇ ಕಾಣುವ ಕಾಯಿಲೆ. ತಂಡ ಕಟ್ಟಿಕೊಂಡು ಬಾರಿಸುವವರಿಗೆ ಒಂದು ಮಾತು: ತಪ್ಪಿದವನಿಗೆ ಮಾರನೇ ದಿನವೇ ಫೋನ್ ಮಾಡಿ. ಟೀ ಕುಡಿಯೋಣ ಬಾ ಅಂದರೂ ಸಾಕು.

ಗಿರೀಶ್ ಶನಿವಾರ ಮಹಡಿ ಹತ್ತಿದರು. ಟ್ರಾನ್ಸ್‌ಪೋಸ್ ವಿಷಯ ಹೇಳಿದರು. ಯಾರೂ ಬೆಚ್ಚಲಿಲ್ಲ. ರಿದಮ್ ಪ್ಯಾಡಿನ ಪಿ.ಟಿ. ಮೇಷ್ಟ್ರು ಕೀಬೋರ್ಡನ್ನು ತಿರುಗಿಸಿ ನೋಡಿ, "ಇದರಲ್ಲಿ ರಿಜಿಸ್ಟ್ರೇಷನ್ ಮೆಮೊರಿ ಇದೆಯಲ್ಲೋ, ಒಂದೊಂದು ಹಾಡಿಗೆ ಒಂದೊಂದು ನಂಬರ್‌ಗೆ ಸೇವ್ ಮಾಡ್ಕೋ, ಶ್ರುತಿನೂ ಅದರಲ್ಲೇ ಕೂತ್ಕೊಳ್ಳುತ್ತೆ" ಅಂದರು. ನನ್ನ ನಾಲ್ಕು ಭೇಟಿಗಿಂತ ಆ ಮಾತು ಹೆಚ್ಚು ಕೆಲಸ ಮಾಡಿತು ಅಂತ ನನಗೆ ಅನುಮಾನ. ಪರದೆಯ ಪಕ್ಕ ಒಂದು ಚೀಟಿಯನ್ನೂ ಅಂಟಿಸಿದ್ದಾರೆ: "ಸೊನ್ನೆ ನೋಡು".

ನವೆಂಬರ್ ಮೂರನೇ ವಾರ ಒಂದು ಬಡಾವಣೆಯ ರಾಜ್ಯೋತ್ಸವದಲ್ಲಿ ನಾಲ್ಕು ಹಾಡಿಗೆ ಮಾತ್ರ ಕೂತರು. ಕೈ ನಡುಗಿತಂತೆ, ಮೊದಲ ಹಾಡು ಮುಗಿಯುವವರೆಗೂ. ಆಫೀಸಿನ ಆ ಮನುಷ್ಯ ಈಗಲೂ ರಾಗದ ಹೆಸರು ಕೇಳುತ್ತಾನೆ. ಹಾಡುವವನು ಈಗಲೂ ಹಾಡುಗಳ ಪಟ್ಟಿಯನ್ನು ಸ್ಟೇಜಲ್ಲೇ ಬದಲಿಸುತ್ತಾನೆ. ಅದನ್ನು ಅವನಿಗೆ ಹೇಳಲು ಗಿರೀಶ್‌ಗೆ ಇನ್ನೂ ಬಾಯಿ ಬಂದಿಲ್ಲ. ಅದಕ್ಕೇ ಇನ್ನೊಂದು ಭೇಟಿ ಇಟ್ಟುಕೊಂಡಿದ್ದೇವೆ.

ಮೊನ್ನೆ ಲತಾ ಫೋನ್ ಮಾಡಿದ್ದರು. ನಿದ್ದೆ ಹೇಗಿದೆ ಅಂತ ಕೇಳಿದೆ.

"ಅವರಿಗೆ ಚೆನ್ನಾಗಿದೆ ಮೇಡಂ. ನನಗೆ ಇಲ್ಲ. ರಾತ್ರಿ ಹನ್ನೊಂದಕ್ಕೆ ಕೂತ್ಕೋತಾರೆ."

ಹೆಡ್‌ಫೋನ್ ಹಾಕಿಕೊಳ್ಳಲು ಹೇಳಿ ಅಂದೆ.

"ಹಾಕ್ಕೊಂಡೇ ಕೂರೋದು. ನಮಗೆ ಹಾಡು ಕೇಳ್ಸಲ್ಲ, ಬರೀ ಮನೆಗಳು ಟಕ ಟಕ ಅನ್ನೋದು ಕೇಳ್ಸುತ್ತೆ. ಅದಕ್ಕೇನಾದ್ರೂ ಇದೆಯಾ?"