ವಜ್ರಕ್ಕೆ ಸುತ್ತಿಗೆ ಎತ್ತುವ ಮುಂಚೆ

ಓದುಗರು ಕಳಿಸಿದ ಪ್ರಶ್ನೆಗಳಲ್ಲಿ ಮೊದಲನೆಯದಕ್ಕೆ ನಾನು ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕವಿಲ್ಲ. ಮತ್ತೆ ಬಂದಿದೆ. ಈ ಸಲ ಉದ್ದಕ್ಕೇ ಬರೆದುಬಿಡುತ್ತೇನೆ. ಪರಮಾಣು ಅಂದರೇನು, ಅಯಾನು ಅಂದರೇನು ಅಂತ ಶುರು ಮಾಡುವುದಿಲ್ಲ. ಅದು ಶಾಲೆಯ ಪಾಠ.

ಪ್ರಶ್ನೆ: ವಜ್ರ ಎಲ್ಲಕ್ಕಿಂತ ಗಟ್ಟಿ ಅನ್ನುತ್ತೀರಿ. ಹಾಗಾದರೆ ಸುತ್ತಿಗೆಯಿಂದ ಹೊಡೆದು ಅಸಲಿಯೋ ನಕಲಿಯೋ ನೋಡಬಹುದಲ್ವಾ?

ನೋಡಬಹುದು. ನಕಲಿಯಾಗಿದ್ದರೆ ಪುಡಿಯಾಗುತ್ತದೆ. ಅಸಲಿಯಾಗಿದ್ದರೂ ಪುಡಿಯಾಗುತ್ತದೆ.

ಈ ಪರೀಕ್ಷೆ ಹಬ್ಬಿಸಿದ ಪುಣ್ಯಾತ್ಮರಲ್ಲಿ ರೋಮಿನ ಲೇಖಕ ಪ್ಲಿನಿಯೂ ಒಬ್ಬ. ವಜ್ರಕ್ಕೆ ಹೊಡೆದರೆ ಸುತ್ತಿಗೆಯೇ ಸೀಳಿಹೋಗುತ್ತದೆ, ಬಿಸಿ ಮೇಕೆ ರಕ್ತದಲ್ಲಿ ನೆನೆಸಿದರೆ ಮಾತ್ರ ಅದು ಒಡೆಯುತ್ತದೆ ಅಂತ ಸುಮಾರು 2,000 ವರ್ಷಗಳ ಹಿಂದೆ ಬರೆದಿಟ್ಟ. ಮೇಕೆ ರಕ್ತವನ್ನು ಜನ ಬಿಟ್ಟರು. ಸುತ್ತಿಗೆಯನ್ನು ಬಿಟ್ಟಿಲ್ಲ.

ಗೊಂದಲ ಇರುವುದು ‘ಗಟ್ಟಿ’ ಅನ್ನುವ ಮಾತಿನಲ್ಲೇ. ಗೀರು ಬೀಳದ್ದಕ್ಕೂ ಗಟ್ಟಿ ಅನ್ನುತ್ತೇವೆ, ಒಡೆಯದ್ದಕ್ಕೂ ಗಟ್ಟಿ ಅನ್ನುತ್ತೇವೆ. 1812ರಲ್ಲಿ ಖನಿಜತಜ್ಞ ಫ್ರೀಡ್ರಿಷ್ ಮೋಸ್ ರೂಪಿಸಿದ ಅಳತೆ ಗೀರಿಗೆ ಮಾತ್ರ. ಅದರಲ್ಲಿ ವಜ್ರಕ್ಕೆ 10. ಒಂದೊಂದು ಇಂಗಾಲದ ಪರಮಾಣುವೂ ಸುತ್ತಲಿನ ನಾಲ್ಕನ್ನು ಎಲೆಕ್ಟ್ರಾನು ಹಂಚಿಕೊಳ್ಳುವ ಕೋವೇಲೆಂಟ್ ಬಂಧದಲ್ಲಿ ಬಿಗಿಯಾಗಿ ಹಿಡಿದಿದೆ. ಗೀರು ಹಾಕಬೇಕಾದರೆ ಅವನ್ನು ಕಿತ್ತು ಪಕ್ಕಕ್ಕೆ ತಳ್ಳಬೇಕು. ಅದು ಇನ್ನೊಂದು ವಜ್ರದ ಕೆಲಸ.

ಪೆಟ್ಟಿನ ಕಥೆ ಬೇರೆ. ಚಿನ್ನಕ್ಕೆ ಹೊಡೆಯಿರಿ, ತಗಡಾಗುತ್ತದೆ. ಅಲ್ಲಿ ಎಲೆಕ್ಟ್ರಾನುಗಳು ಎಲ್ಲರ ಪಾಲಿನ ಆಸ್ತಿ. ಒಂದು ಸಾಲು ಪರಮಾಣು ಜರುಗಿದರೂ ಹೊಸ ಜಾಗದಲ್ಲಿ ಅದೇ ಹಿಡಿತ ಸಿಗುತ್ತದೆ. ವಜ್ರದ ಬಂಧಕ್ಕೆ ದಿಕ್ಕಿದೆ, ಜರುಗಲು ಬಿಡುವುದಿಲ್ಲ. ಬಾಗದ್ದು ಮುರಿಯಲೇಬೇಕು. ಎಲ್ಲೋ ಒಂದು ಬಿರುಕು ಹುಟ್ಟಿತು ಅನ್ನಿ, ಪೆಟ್ಟಿನ ಬಲವೆಲ್ಲ ಅದರ ತುದಿಯ ಕೆಲವೇ ಬಂಧಗಳ ಮೇಲೆ ಬೀಳುತ್ತದೆ. ಒಂದು ಹರಿದರೆ ಮುಂದಿನದಕ್ಕೆ ಸರದಿ. ಹಾಗಾಗಿ ಸುತ್ತಿಗೆಯ ಉಕ್ಕು ವಜ್ರಕ್ಕಿಂತ ಎಷ್ಟೋ ಮೆತ್ತಗಿದ್ದರೂ ಗೆಲ್ಲುತ್ತದೆ.

ಸಾಲದ್ದಕ್ಕೆ ವಜ್ರ ನಾಲ್ಕು ದಿಕ್ಕಿನಲ್ಲಿ ನೀಟಾಗಿ ಸೀಳುತ್ತದೆ. ಆ ಮಟ್ಟಗಳಲ್ಲಿ ಅಷ್ಟೇ ಜಾಗಕ್ಕೆ ಕಡಿಯಬೇಕಾದ ಬಂಧಗಳು ಕಡಿಮೆ. ವಜ್ರದ ಕುಶಲಕರ್ಮಿಗಳಿಗೆ ಇದು ಹಳೇ ವಿಷಯ. 3,106 ಕ್ಯಾರೆಟ್ ತೂಗುತ್ತಿದ್ದ ಕಲಿನನ್ ವಜ್ರವನ್ನು 1908ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಜೋಸೆಫ್ ಆಷರ್ ಸೀಳಿದ್ದು ಹೀಗೇ: ಒಂದು ಕಚ್ಚು ಮಾಡಿ, ಅದರಲ್ಲಿ ಉಕ್ಕಿನ ಅಲಗು ಇಟ್ಟು, ಮೇಲೆ ಪೆಟ್ಟು ಕೊಟ್ಟು.

ನಂಬಿಕೆ ಬರದಿದ್ದರೆ ಕಲ್ಲುಪ್ಪಿನ ದೊಡ್ಡ ಹರಳೊಂದನ್ನು ತೆಗೆದುಕೊಳ್ಳಿ. ಅದರ ಮುಖಕ್ಕೆ ಸರಿಯಾಗಿ ಬ್ಲೇಡ್ ಇಟ್ಟು ಮೆಲ್ಲಗೆ ತಟ್ಟಿ. ಟಿಕ್ ಅಂತ ಬಿಡುತ್ತದೆ. ಹೊಸ ಮುಖ ಕನ್ನಡಿಯ ಹಾಗೆ ಹೊಳೆಯುತ್ತದೆ. ಚೂರನ್ನು ಮತ್ತೆ ತಟ್ಟಿದರೆ ಇನ್ನೂ ಚಿಕ್ಕ ಚೌಕದ ಚೂರು. ಇಲ್ಲಿ ಬಂಧ ಅಯಾನಿಕ್, ಅಂದರೆ ಪ್ಲಸ್ ಮೈನಸ್ ಕಣಗಳ ಸೆಳೆತ. ಸೋಡಿಯಂ, ಕ್ಲೋರೈಡ್ ಅಯಾನುಗಳು ಚದುರಂಗದ ಮಣೆಯ ಹಾಗೆ ಒಂದು ಬಿಟ್ಟು ಒಂದು ಕೂತಿವೆ. ಒಂದು ಸಾಲು ಒಂದೇ ಮನೆ ಜರುಗಿದರೂ ಪ್ಲಸ್ ಎದುರಿಗೆ ಪ್ಲಸ್, ಮೈನಸ್ ಎದುರಿಗೆ ಮೈನಸ್. ಒಂದನ್ನೊಂದು ದೂಡಿಬಿಡುತ್ತವೆ.

ಆಮೇಲೆ ಬೆಣಚುಕಲ್ಲು ಒಡೆದು ನೋಡಿ. ಸಿಲಿಕಾನ್-ಆಕ್ಸಿಜನ್ ಹಿಡಿತ ಎಲ್ಲ ದಿಕ್ಕಿಗೂ ಹೆಚ್ಚುಕಡಿಮೆ ಒಂದೇ. ಸುಲಭವಾಗಿ ಸೀಳುವ ಮಟ್ಟವೇ ಇಲ್ಲ, ಗಾಜಿನ ಹಾಗೆ ಬಾಗುಬಾಗಾಗಿ ಒಡೆಯುತ್ತದೆ. ಕಣ್ಣಿಗೆ ರಕ್ಷಣೆಯ ಕನ್ನಡಕ ಇರಲಿ. ನಾನು ಸೋಮಾರಿತನ ಮಾಡಿ ಒಮ್ಮೆ ರೆಪ್ಪೆಗೆ ಚೂರು ಹೊಡೆಸಿಕೊಂಡವನು. ಇನ್ನೊಂದು ಕೂದಲೆಳೆ ಒಳಗೆ ಬಿದ್ದಿದ್ದರೆ ಈ ಅಂಕಣ ಬೇರೆಯವರು ಬರೆಯಬೇಕಿತ್ತು.

ಮತ್ತೆ, ಅಸಲಿ ಯಾವುದು ಅಂತ ತಿಳಿಯುವುದು ಹೇಗೆ? ಗಾಜಿನ ಮೇಲೆ ಗೀಚಿ ನೋಡುವುದೂ ದಂಡ, ಬೆಣಚುಕಲ್ಲೂ ಗಾಜನ್ನು ಗೀರುತ್ತದೆ. ಶಾಖ ಹರಿಯುವುದನ್ನು ಅಳೆಯುವ ಉಪಕರಣ ಇದೆ, ಆದರೆ ವಜ್ರದ ಹಾಗೇ ಕಾಣುವ ಮೊಯ್ಸನೈಟ್ ಅನ್ನುವ ಹರಳು ಅದನ್ನೂ ಏಮಾರಿಸುತ್ತದೆ. ಸುಮ್ನೆ ಪ್ರಯೋಗಾಲಯಕ್ಕೆ ಕೊಡಿ.

ಪ್ರಶ್ನೆ: ಗ್ರಾಫೈಟ್ ಕೂಡ ಇಂಗಾಲವೇ. ಅದರ ಬಂಧ ಯಾಕೆ ದುರ್ಬಲ?

ದುರ್ಬಲ ಅಂತ ಯಾರು ಹೇಳಿದರು? ಪದರದೊಳಗಿನ ಬಂಧ ವಜ್ರದ್ದಕ್ಕಿಂತಲೂ ಬಲವಾದದ್ದು. ಪದರ ಪದರದ ನಡುವಿನ ಹಿಡಿತ ಮಾತ್ರ ನೆಪಕ್ಕೆ. ಪೆನ್ಸಿಲ್ ಗೀಚಿದಾಗ ಕಳಚಿ ಬರುವುದು ಆ ಪದರಗಳು.

ಪ್ರಶ್ನೆ: ಚಿನ್ನದ ಹಾಗೆ ಹೊಳೆಯುವ ಪೈರೈಟ್ ಖನಿಜವೋ ಚಿನ್ನವೋ, ತಿಳಿಯುವುದು ಹೇಗೆ?

ಸೂಜಿಮೊನೆಯಿಂದ ಒತ್ತಿ. ಗುಳಿ ಬಿದ್ದರೆ ಚಿನ್ನ ಇರಬಹುದು, ಪುಡಿ ಉದುರಿದರೆ ಅಲ್ಲ.

ಪ್ರಶ್ನೆ: ಕ್ವಾರ್ಟ್ಸ್ (ಬೆಣಚುಕಲ್ಲು) ಗಡಿಯಾರದಲ್ಲಿ ಕಂಪಿಸುತ್ತದಲ್ಲ, ಹಾಗೇ ಕೊರಳಲ್ಲಿ ಧರಿಸಿದರೆ ದೇಹಕ್ಕೂ ಕಂಪನ ಸಿಗುತ್ತದಂತೆ?

ಗಡಿಯಾರದಲ್ಲಿ ಅದು ಸೆಕೆಂಡಿಗೆ 32,768 ಸಲ ಕಂಪಿಸುವುದು ಬ್ಯಾಟರಿ ಇರುವುದರಿಂದ. ನಿಮ್ಮ ಕೊರಳಲ್ಲಿ ಬ್ಯಾಟರಿ ಇಲ್ಲ.

ಪ್ರಶ್ನೆ: ಒಬ್ಬರು ಕೊಟ್ಟ ಕೆಂಪು ಹರಳನ್ನು ರಾತ್ರಿ ನೀರಲ್ಲಿ ನೆನೆಸಿ ಬೆಳಗ್ಗೆ ಕುಡಿಯುತ್ತಿದ್ದೇನೆ. ಒಳ್ಳೆಯದಾ?

ನಿಲ್ಲಿಸಿ. ಹರಳಿನ ಬಂಧ ಗಟ್ಟಿಯಿದ್ದರೆ ನೀರಿಗೆ ಏನೂ ಇಳಿಯುವುದಿಲ್ಲ, ಬರೀ ನೀರು ಕುಡಿದಂತೆ. ಗಟ್ಟಿಯಿಲ್ಲದಿದ್ದರೆ ಏನು ಇಳಿಯಿತು ಅನ್ನುವುದೇ ಭಯ. ಮನಶ್ಶಿಲೆಯೂ ಕೆಂಪಗಿದ್ದು ಚಂದ ಕಾಣುತ್ತದೆ, ಅದರಲ್ಲಿರುವುದು ಆರ್ಸೆನಿಕ್. ನೀವು ಹರಳಿನ ಹೆಸರನ್ನೇ ಬರೆದಿಲ್ಲ, ಕೊಟ್ಟವರಿಗೂ ಗೊತ್ತಿರಲಿಕ್ಕಿಲ್ಲ. ಆ ನೀರು ಚೆಲ್ಲಿ, ಕೈ ಚೆನ್ನಾಗಿ ತೊಳೆದುಕೊಳ್ಳಿ. ಲೋಟವನ್ನು ಮತ್ತೆ ಕುಡಿಯಲು ಬಳಸಬೇಡಿ. ಮೈಗೆ ಏನಾದರೂ ಆಗುತ್ತಿದ್ದರೆ ಹರಳನ್ನು ಜೊತೆಗೇ ಹಿಡಿದುಕೊಂಡು ವೈದ್ಯರ ಹತ್ತಿರ ಹೋಗಿ.