ಅಪ್ಪನ ಕೋವಿ ಮಾರಬಹುದಾ?

ಪ್ರಶ್ನೆ: ಸಕಲೇಶಪುರದ ಹತ್ತಿರ ನಮ್ಮ ತೋಟದ ಮನೆಯಲ್ಲಿ ಅಪ್ಪನ ಜೋಡಿ ನಳಿಗೆ ಕೋವಿ ಇದೆ. ಅಪ್ಪ ತೀರಿಕೊಂಡು ಆರು ತಿಂಗಳಾಯಿತು. ಕಾರಲ್ಲಿ ಬೆಂಗಳೂರಿಗೆ ತಂದು, ವಾಟ್ಸಾಪ್ ಗ್ರೂಪಿನಲ್ಲಿ ಫೋಟೊ ಹಾಕಿ ಮಾರೋಣ ಅಂತಿದ್ದೇನೆ. ನನ್ನ ಕೊಡವ ಗೆಳೆಯ, ‘ನಮಗೆ ಲೈಸೆನ್ಸೇ ಬೇಡ, ನೀನು ಯಾಕೆ ಹೆದರ್ತೀಯಾ?’ ಅನ್ನುತ್ತಾನೆ.
– ಓದುಗರು, ರಾಜಾಜಿನಗರ

ಉತ್ತರ: ದಯವಿಟ್ಟು ಕಾರಿಗೆ ಹಾಕಬೇಡಿ. ಲೈಸೆನ್ಸ್ ಇದ್ದದ್ದು ಅಪ್ಪನ ಹೆಸರಿಗೆ, ಮನೆಗಲ್ಲ. ನಿಮ್ಮ ಹೆಸರಲ್ಲಿ ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಂಡರೂ ಸಾಗಿಸಿದರೂ ಅಪರಾಧವೇ, ಶಸ್ತ್ರಾಸ್ತ್ರ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ಆದ ಮೇಲೆ ಕನಿಷ್ಠ 2 ವರ್ಷ, ಹೆಚ್ಚೆಂದರೆ 5 ವರ್ಷ ಜೈಲು. ಆರು ತಿಂಗಳು ಈಗಾಗಲೇ ಜಾಸ್ತಿಯಾಯಿತು.

ಮೊದಲು ಊರಿನ ಠಾಣೆಗೆ ಫೋನ್ ಮಾಡಿ ವಿಷಯ ಹೇಳಿ. ಅವರು ಹೇಳಿದಂತೆ ಕೋವಿ, ಉಳಿದ ತೋಟಾಗಳು (ಗುಂಡುಗಳು), ಅಪ್ಪನ ಲೈಸೆನ್ಸ್ ಪುಸ್ತಕ ಎಲ್ಲ ಒಪ್ಪಿಸಿ, ರಸೀದಿ ಪಡೆದುಕೊಳ್ಳಿ. ಲೈಸೆನ್ಸ್ ಇರುವ ಬಂದೂಕಿನ ಅಂಗಡಿಯಲ್ಲೂ ಠೇವಣಿ ಇಡಬಹುದು. ಚುನಾವಣೆ ಬಂದಾಗ ಕೋವಿ ಠಾಣೆಗೆ ಕೊಟ್ಟು ಬರುವುದು ನಿಮ್ಮೂರಿನವರಿಗೆ ಹೊಸದೇನಲ್ಲ, ಅಲ್ವಾ? ಠೇವಣಿ ಇಟ್ಟರೆ ಕೋವಿ ಕೈಬಿಟ್ಟಂತಲ್ಲ. ಲೈಸೆನ್ಸ್ ಇರುವವರಿಗೆ ಅದನ್ನು ಮಾರಿಸುವ ಹಕ್ಕು ವಾರಸುದಾರರಿಗೆ ಇರುತ್ತದೆ. ಆದರೆ ಗಡುವಿನೊಳಗೆ ಯಾರೂ ಕೇಳದಿದ್ದರೆ ಸರ್ಕಾರದ ಪಾಲು.

ನೀವೇ ಇಟ್ಟುಕೊಳ್ಳಬೇಕು ಅನಿಸಿದರೆ ವಾರಸುದಾರರಾಗಿ ಲೈಸೆನ್ಸಿಗೆ ಅರ್ಜಿ ಹಾಕಿ. ಬೆಂಗಳೂರು ನಗರದಲ್ಲಿ ಕೊಡುವವರು ಪೊಲೀಸ್ ಕಮಿಷನರ್, ಜಿಲ್ಲೆಗಳಲ್ಲಿ ಜಿಲ್ಲಾಧಿಕಾರಿ. ಮರಣ ಪ್ರಮಾಣಪತ್ರ, ಉಳಿದ ವಾರಸುದಾರರ ಒಪ್ಪಿಗೆ ಪತ್ರ ಈಗಲೇ ಜೋಡಿಸಿಡಿ. ಅಣ್ಣತಮ್ಮಂದಿರ ಸಹಿ ಆಮೇಲೆ ಸಿಗುವುದು ಕಷ್ಟ! ಲೈಸೆನ್ಸ್ ಬಂದ ಮೇಲೆ ಮಾರುವ ಮನಸ್ಸಾದರೆ, ಠಾಣೆಗೋ ಜಿಲ್ಲಾ ಮ್ಯಾಜಿಸ್ಟ್ರೇಟರಿಗೋ ಬರೆದು ತಿಳಿಸಿ 45 ದಿನ ಕಾಯಬೇಕು. ಕೊಳ್ಳುವವರಿಗೂ ಲೈಸೆನ್ಸ್ ಬೇಕು.

ಇನ್ನು ವಾಟ್ಸಾಪ್ ಫೋಟೊ. ಲೈಸೆನ್ಸ್ ಇಲ್ಲದವರು ಕೋವಿ ಹಿಡಿದು ‘ಮಾರಾಟಕ್ಕಿದೆ’ ಅಂತ ಹಾಕಿದರೆ ಪೊಲೀಸರಿಗೆ ಸಾಕ್ಷಿ ಹುಡುಕುವ ಕೆಲಸವೇ ಉಳಿಯುವುದಿಲ್ಲ. ಫೇಸ್‌ಬುಕ್ಕಿನಲ್ಲಂತೂ ಬಂದೂಕು ಮಾರುವ ಜಾಹೀರಾತಿಗೆ ಕಂಪನಿಯೇ ಅವಕಾಶ ಕೊಡುವುದಿಲ್ಲ.

ಗೆಳೆಯ ಹೇಳಿದ್ದು ಅವರ ಮಟ್ಟಿಗೆ ಸರಿ. ಕೊಡವರಿಗೂ ಕೊಡಗಿನ ಜಮ್ಮಾ (ವಂಶಪಾರಂಪರ್ಯ) ಜಮೀನಿನ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿ ಇದೆ, 2019ರಲ್ಲಿ ಕೇಂದ್ರ ಅದನ್ನು 2029ರವರೆಗೆ ಮುಂದುವರಿಸಿದೆ. ಸಕಲೇಶಪುರದ ತೋಟಕ್ಕೆ ಅದು ಅನ್ವಯಿಸುವುದಿಲ್ಲ.

ಪ್ರಶ್ನೆ: ಲೈಸೆನ್ಸ್ ಇರುವ ನಮ್ಮ ಮಾವ ಮದುವೆ ಮನೆಗೆ ರಿವಾಲ್ವರ್ ಸಿಕ್ಕಿಸಿಕೊಂಡು ಬರುತ್ತಾರೆ. ತಪ್ಪಾ?
– ಓದುಗರು, ಯಲಹಂಕ

ಉತ್ತರ: ಸಾರ್ವಜನಿಕ ಜಾಗದಲ್ಲಿ ಚೀಲ ಅಥವಾ ಹೋಲ್‌ಸ್ಟರ್ ಒಳಗೇ ಇರಬೇಕು, ಸುಮ್ನೆ ತೆಗೆದು ತೋರಿಸುವ ಹಾಗಿಲ್ಲ. ಖುಷಿಗೆ ಅಂತ ಬೇಕಾಬಿಟ್ಟಿ ಗಾಳಿಯಲ್ಲಿ ಗುಂಡು ಹಾರಿಸಿ ಬೇರೆಯವರ ಜೀವಕ್ಕೆ ಅಪಾಯ ತಂದರೆ 2 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷದವರೆಗೆ ದಂಡ, ಎರಡೂ ಆಗಬಹುದು. ಮಾವನಿಗೆ ಅತ್ತೆಯ ಕೈಲಿ ಹೇಳಿಸಿ.