ಸೈಲೆನ್ಸರ್ ಆಮೇಲೆ, ಮೊದಲು ಟಯರ್ ನೋಡಿ ಮಾರಾಯ್ರೆ

2019ರ ಪಲ್ಸರ್ 150 ಬೈಕ್, ಕೈಯಲ್ಲಿ 15 ಸಾವಿರ, ದಿನಾ ಉಡುಪಿಯಿಂದ ಸುರತ್ಕಲ್‌ಗೆ ಓಡಾಟ, ಮೊದಲು ಬೇರೆ ಸೈಲೆನ್ಸರ್ ಹಾಕ್ಸುದಾ ಎಲ್‌ಇಡಿ ಲೈಟ್ ಹಾಕ್ಸುದಾ ಅಂತ ಕೇಳಿದ್ರಲ್ಲ, ನನ್ನನ್ನು ಕೇಳಿದ್ರೆ ಎರಡೂ ಈಗ ಬೇಡ. ಟಯರಿನ ಸೈಡಲ್ಲಿ ನಾಲ್ಕು ಅಂಕೆ ಒತ್ತಿರ್ತದೆ, 2319 ಅಂತಿದ್ರೆ 2019ರ 23ನೇ ವಾರದ್ದು ಅಂತ ಅರ್ಥ. ಕಂಪನಿಯಿಂದ ಬಂದ ಟಯರೇ ಇನ್ನೂ ಇದ್ರೆ ಗ್ರಿಪ್ ಕಂಡ್ರೂ ನಂಬ್ಬೇಡಿ, ರಬ್ಬರ್ ಗಟ್ಟಿಯಾಗಿರ್ತದೆ, ಉಗುರು ಒತ್ತಿ ನೋಡಿ ಬೇಕಾದ್ರೆ. ನಾನೂ ಇನ್ನೊಂದು ಮಳೆಗಾಲ ಹೋಗ್ತದೆ ಅಂತ ಬಿಟ್ಟವನೇ, ಪಡುಬಿದ್ರಿ ಹತ್ರ ಮುಂದೆ ಹೋಗ್ತಿದ್ದ ಬಸ್ಸು ಜನ ಹತ್ತಿಸ್ಲಿಕ್ಕೆ ಗಕ್ಕನೆ ನಿಂತಾಗ ಬ್ರೇಕ್ ಹಿಡಿದ್ರೆ ಹಿಂದಿನ ಚಕ್ರ ಸೀದಾ ಪಕ್ಕಕ್ಕೆ ಬಂತು, ಬಸ್ಸಿನ ಬಂಪರಿಗೂ ನನಗೂ ಒಂದು ಗೇಣು ಅಷ್ಟೇ. ಮರುದಿನವೇ ಎರಡೂ ಟಯರ್ ಚೇಂಜ್.

ಆಮೇಲೆ ಬ್ರೇಕ್. ಪ್ಯಾಡ್ ಜೊತೆ ಬ್ರೇಕ್ ಆಯಿಲ್ ಕೂಡ ಬದಲಿಸಿ, ಅದು ಗಾಳಿಯ ತೇವ ಎಳ್ಕೊಳ್ತದೆ, ಎರಡು ವರ್ಷಕ್ಕೊಮ್ಮೆ ಬದಲಿಸುದು ಒಳ್ಳೇದು. ನಮ್ಮ ಕಡಲ ಬದಿಯ ಉಪ್ಪು ಗಾಳಿಗೆ ಚೈನೂ ಬೇಗ ತುಕ್ಕು ಹಿಡೀತದೆ, ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲಿನ ಚಕ್ರ) ಹಲ್ಲು ಚೂಪಾಗಿದ್ರೆ ಚೈನ್ ಮಾತ್ರ ಅಲ್ಲ, ಇಡೀ ಸೆಟ್ಟೇ ಹಾಕ್ಸಿ.

ಲೈಟಿಗೆ ಮೊದಲು ಹೆಡ್‌ಲೈಟ್ ಗ್ಲಾಸ್ ಉಜ್ಜಿಸಿ, ಬೀಮ್ ಅಂದ್ರೆ ಬೆಳಕು ಬೀಳುವ ದಿಕ್ಕು ಸರಿ ಮಾಡಿಸಿ, ಅರ್ಧ ತೊಂದರೆ ಅಲ್ಲೇ ಮುಗೀತದೆ. ಸೈಲೆನ್ಸರಿನಿಂದ ಸಿಗುದು ಶಬ್ದ, ಪೊಲೀಸರು ಹಿಡಿದ್ರೆ ದಂಡ ಬೇರೆ. ದುಡ್ಡು ಉಳಿದ್ರೆ ಒಳ್ಳೆ ರೈನ್‌ಕೋಟ್ ತಗೊಳ್ಳಿ ಆಯ್ತಾ.